ಕಾಫಿ ಸ್ಟೋರಿನೊಳಗೆ ಬಾಸ್ಕೆಟ್‌ಬಾಲ್: ರಿಂಗ್ ಇಲ್ಲದೆ ಕಲಿಸಿದ ನನ್ನ ಅನುಭವ

“ರಿಂಗ್ ಇಲ್ಲದೆ ಬಾಸ್ಕೆಟ್‌ಬಾಲ್ ಕಲಿಸ್ತೀಯಾ? ಕೆರೆ ಇಲ್ಲದೆ ಈಜು ಕಲಿಸಿದ ಹಾಗಾಯ್ತು ಬಿಡು” ಅಂದವನು ಹೊರಗಿನವನಲ್ಲ, ಬೆಂಗಳೂರಿನಲ್ಲಿ ಆರು ವರ್ಷ ನನ್ನ ಜೊತೆ ಒಂದೇ ಟೀಮಿನಲ್ಲಿ ಆಡಿದವನು. ಈಗ ಅವನೂ ಕೋಚ್. 2023ರಲ್ಲಿ, ಕಾಫಿ ಮೂಟೆ ಇಡುವ ಗೋದಾಮಿನಲ್ಲಿ (ನಾವು ಸ್ಟೋರ್ ಅನ್ನುತ್ತೇವೆ) ಕಲಿತ ನಮ್ಮ ಶಾಲೆಯ ಹುಡುಗಿಯರು ಮೈಸೂರು ವಿಭಾಗದ ಫೈನಲ್ ಗೆದ್ದ ರಾತ್ರಿ ಅವನೇ ಫೋನ್ ಮಾಡಿ, “ಅದೇನು ಮಾಡಿದೆ, ಸ್ವಲ್ಪ ಹೇಳು ಮಾರಾಯ” ಅಂದ. ಅವನಿಗೆ ಅರ್ಧ ಹೇಳಿದೆ. ಇಲ್ಲಿ ಮುಕ್ಕಾಲು ಬರೆಯುತ್ತೇನೆ.

ನಮ್ಮೂರು ಕೊಡಗಿನ ಸಿದ್ದಾಪುರದ ಹತ್ತಿರ. ಅಪ್ಪ ಎಸ್ಟೇಟ್ ಒಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಕೊಡಗಿನಲ್ಲಿ ಹುಡುಗರ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್ಕು. 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆದಾಗ ನನಗೆ ಹನ್ನೆರಡು; ಅಪ್ಪನ ಹೆಗಲ ಮೇಲಿಂದ ನೋಡುವ ವಯಸ್ಸು ದಾಟಿತ್ತು, ಬೇಲಿ ಹತ್ತಿ ನೋಡಿದೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಆರಡಿ ಒಂದಿಂಚು ಬೆಳೆದುಬಿಟ್ಟೆ. “ನಿನಗೆ ಬಗ್ಗೋಕೆ ಆಗಲ್ಲ, ಮೇಲೆ ನೋಡೋ ಆಟಕ್ಕೆ ಹೋಗು” ಅಂತ ಹಾಕಿ ಮೇಷ್ಟ್ರೇ ಅಟ್ಟಿದರು.

2004ರಿಂದ 2016ರವರೆಗೆ ಆಡಿದೆ. ಮೊದಲು ಬೆಂಗಳೂರಿನ ಒಂದು ಕ್ಲಬ್ಬು, ಆಮೇಲೆ ಒಂದು ಬ್ಯಾಂಕಿನ ಟೀಮು, ಕೊನೆಗೆ ಲೀಗು. ಬ್ಯಾಂಕಿನಲ್ಲಿ ಸ್ಟೈಪೆಂಡು ತಿಂಗಳಿಗೆ ಎಂಟೋ ಒಂಬತ್ತೋ ಸಾವಿರ. ‘ಮುಂದಿನ ವರ್ಷ ಕಾಯಂ’ ಅನ್ನುವ ಮಾತು ನಾಲ್ಕು ವರ್ಷ ಕೇಳಿದೆ. ಲೀಗಿನಲ್ಲಿ ಮೊದಲ ಕಂತು ಬಂತು, ಎರಡನೆಯದೂ ಬಂತು, ಮೂರನೆಯದು ಇವತ್ತಿಗೂ ದಾರಿಯಲ್ಲಿದೆ. ಬಲ ಮೊಣಕಾಲಿನ ಲಿಗಮೆಂಟ್ ಹರಿದಾಗ ಆಪರೇಷನ್ನಿಗೆ ಒಂದೂಮುಕ್ಕಾಲು ಲಕ್ಷದಷ್ಟು ಸ್ವಂತ ಕೈಯಿಂದ ಹೋಯಿತು. ಅಮ್ಮನ ಎರಡು ಬಳೆ ಅದರಲ್ಲಿದೆ.

ನಾನು ಶೂಟರ್. ಮುಂದಿನ ಕತೆಗೆ ಇದು ಮುಖ್ಯ. ಮೂರು ಪಾಯಿಂಟಿನ ಹಳೆಯ 6.25 ಮೀಟರ್ ಗೆರೆಯಿಂದ ನೂರಕ್ಕೆ ನಲವತ್ತು ಹಾಕುತ್ತಿದ್ದೆ. 2010ರಲ್ಲಿ ಫೀಬಾ (ಬಾಸ್ಕೆಟ್‌ಬಾಲಿನ ಅಂತಾರಾಷ್ಟ್ರೀಯ ಸಂಸ್ಥೆ) ಗೆರೆಯನ್ನು 6.75ಕ್ಕೆ ತಳ್ಳಿತು. ಅರ್ಧ ಮೀಟರು, ಅಂದರೆ ಒಂದು ಸಣ್ಣ ಹೆಜ್ಜೆ. ನನ್ನ ಲೆಕ್ಕ ನಲವತ್ತರಿಂದ ಮೂವತ್ತರ ಒಳಗೆ ಬಿತ್ತು, ಬೆಂಚಿಗೂ ನನಗೂ ಸ್ನೇಹವಾಯಿತು. ಡಿಫೆನ್ಸ್ ಕಲಿತಿರಲಿಲ್ಲ, ಯಾರೂ ಕಲಿಸಿರಲೂ ಇಲ್ಲ. ಶೂಟರಿಗೆ ಯಾಕೆ ಅಂತ.

ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗಿನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ 2017ರಲ್ಲಿ ಊರಿಗೆ ಬಂದೆ. ಒಂದು ಶಾಲೆಯಲ್ಲಿ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಕೋಚ್ ಕೆಲಸ. ಶಾಲೆಯಲ್ಲಿ ಮೈದಾನವಿತ್ತು, ಬಾಸ್ಕೆಟ್‌ಬಾಲ್ ಅಂಗಳ ಇರಲಿಲ್ಲ. ಪಕ್ಕದ ಎಸ್ಟೇಟಿನ ಮಾಲೀಕರು ನನ್ನ ಆಟ ನೋಡಿದವರು. ಅವರು ಕಾಫಿ ಒಣಗಿಸುವ ತಮ್ಮ ಕಣ ಕೊಟ್ಟರು. ಒಳ್ಳೆ ಸಿಮೆಂಟಿನ ಕಣ, ಪೂರ್ತಿ 28×15 ಮೀಟರಿನ ಅಂಗಳ ಹಾಕುವಷ್ಟು ಅಗಲವಿಲ್ಲ, ಆದರೆ ಮುಕ್ಕಾಲು ಅಂಗಳ ಧಾರಾಳ. ರಿಂಗಿಗೆ ನಾಲ್ಕು ಸಾವಿರ, ಕಂಬಕ್ಕೆ ಜಿ.ಐ. ಪೈಪು, ವೆಲ್ಡಿಂಗು ಎಲ್ಲ ಸೇರಿ ಹದಿನೆಂಟು. ಅಕ್ರಿಲಿಕ್ ಬೋರ್ಡಿಗೆ ದುಡ್ಡಿರಲಿಲ್ಲ, ಸಿಲ್ವರ್ ಓಕ್ ಹಲಗೆ ಕೂಡಿಸಿ ಬೋರ್ಡ್ ಮಾಡಿದೆ. ಎರಡೇ ಮಳೆಗೆ ಅದು ಹಪ್ಪಳದ ಹಾಗೆ ಮಡಚಿಕೊಂಡಿತು. ಆಮೇಲೆ ಮೆರೈನ್ ಪ್ಲೈವುಡ್. ಅದಾದ ಮೇಲೆ ಒಂದು ರಾತ್ರಿ ಆನೆ ಬಂತು. ಕಣದ ಅಂಚಿನ ಹಲಸಿನ ಮರಕ್ಕೆ ಬಂದದ್ದು, ದಾರಿಗೆ ಅಡ್ಡ ಇದ್ದ ಕಂಬವನ್ನು ಒರಗಿಸಿ ಹೋಗಿದೆ. ಬೆಳಿಗ್ಗೆ ನೋಡಿದರೆ ರಿಂಗ್ ನೆಲದಿಂದ ಐದಡಿ ಎತ್ತರದಲ್ಲಿದೆ. ಚಿಕ್ಕ ಮಕ್ಕಳಿಗೆ ಅವತ್ತು ಹಬ್ಬ, ಎಲ್ಲರೂ ಮೇಲಿಂದ ಚೆಂಡು ತುರುಕಿ ಡಂಕ್ ಮಾಡಿದರು. ಕಂಬ ನೆಟ್ಟಗೆ ಮಾಡಲು ಮತ್ತೆ ಆರು ಸಾವಿರ.

ಮೊದಲ ಮೂರು ವರ್ಷ ನನಗೆ ಗೊತ್ತಿದ್ದದ್ದನ್ನೇ ಕಲಿಸಿದೆ. ಶೂಟಿಂಗು. ಮೊಣಕೈ ಒಳಗೆ, ಮಣಿಕಟ್ಟು ಬಿಡು, ಕೈ ಅಲ್ಲೇ ನಿಲ್ಲಿಸು. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ಚೆನ್ನಾಗಿಯೇ ಹಾಕುತ್ತಿದ್ದರು. ಜೂನ್ ಬಂತೆಂದರೆ ಮುಗಿಯಿತು. ಕಣದ ಮೇಲೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ನಾಲ್ಕು ದಿನ, ಮತ್ತೆ ಹಸಿರು. ಚೆಂಡು ನೀರು ಕುಡಿದು ಕಲ್ಲಾಗುತ್ತದೆ. ತಾಲ್ಲೂಕು, ಜಿಲ್ಲಾ ಪಂದ್ಯಗಳು ಬರುವುದೇ ಆಗಸ್ಟ್, ಸೆಪ್ಟೆಂಬರಿನಲ್ಲಿ, ನಮ್ಮ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಒಳಾಂಗಣ ಇರುವವರ ಎದುರು ಮೂರು ತಿಂಗಳು ಚೆಂಡು ಮುಟ್ಟದ ಮಕ್ಕಳನ್ನು ನಿಲ್ಲಿಸಿ 47-9ರಲ್ಲಿ ಸೋತೆವು. ಒಂಬತ್ತೋ ಹನ್ನೊಂದೋ, ಎಲ್ಲ ಒಂದೇ. 2019ರ ಆಗಸ್ಟಿನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳಿಗೆ ನುಗ್ಗಿದಾಗ ನಮ್ಮ ಮಕ್ಕಳಲ್ಲಿ ಮೂವರು ಪರಿಹಾರ ಕೇಂದ್ರದಲ್ಲಿದ್ದರು. ಆ ವರ್ಷ ಆಟದ ಮಾತೇ ಇಲ್ಲ. ಆಮೇಲೆ ಕೊರೋನಾ.

ಸ್ಟೋರಿನ ಯೋಚನೆ ಹುಟ್ಟಿದ್ದು 2021ರಲ್ಲಿ, ಅದೂ ಮಾಲೀಕರ ಬೈಗುಳದಿಂದ. ಮಳೆ ಜೋರಾದಾಗ ಮಕ್ಕಳು ಒಳಗೆ ನುಗ್ಗಿ ಚೆಂಡು ಕುಟ್ಟುತ್ತಿದ್ದರು. “ಖಾಲಿ ಸ್ಟೋರಲ್ಲಿ ಏನು ಸದ್ದು ಅದು!” ಅಂತ ಅವರು ಕೂಗಿದರು. ಖಾಲಿ ಅನ್ನುವ ಮಾತು ಕಿವಿಗೆ ಬಿತ್ತು. ಮೇ ಹೊತ್ತಿಗೆ ಕಾಫಿ ಮಾರಾಟವಾಗಿ ಹೋದರೆ ಡಿಸೆಂಬರಿನವರೆಗೆ ಆ ಜಾಗ ಇಲಿಗಳಿಗೇ.

ಅಳತೆ ಹೇಳಿಬಿಡುತ್ತೇನೆ, ಇದನ್ನು ಮಾಡಿ ನೋಡುವವರಿಗೆ ಬೇಕು. ಉದ್ದ ಸುಮಾರು ಅರವತ್ತಡಿ, ಅಗಲ ಇಪ್ಪತ್ತೈದು. ನೆಲ ಸಿಮೆಂಟು. ಮೇಲೆ ಶೀಟು. ತೊಂದರೆ ಏನೆಂದರೆ ಅಡ್ಡತೊಲೆಗಳು ಹನ್ನೊಂದಡಿಗೇ ಇವೆ. ರಿಂಗ್ ಹತ್ತಡಿಯಲ್ಲಿ ಕೂರಿಸಿದರೂ ಜಂಪ್ ಶಾಟ್ ಕಮಾನು ಕಟ್ಟುವ ಹಾಗಿಲ್ಲ, ಚೆಂಡು ತೊಲೆಗೆ ಬಡಿದು ಬರುತ್ತದೆ. ಒಂದು ವಾರ ರಿಂಗನ್ನು ಎಂಟೂವರೆ ಅಡಿಗೆ ಇಳಿಸಿ ನೋಡಿದೆ. ಮಕ್ಕಳ ಕೈ ಕೆಟ್ಟಿತು. ಸಿಟ್ಟಿನಲ್ಲಿ ರಿಂಗ್ ಬಿಚ್ಚಿ ಮೂಲೆಗೆ ಎಸೆದೆ. ಸರಿಯಾದ ಕೆಲಸ ಶುರುವಾದದ್ದು ಅವತ್ತಿನಿಂದ.

ತುದಿಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬೋರ್ಡಿನ ಒಳಚೌಕ ಬರೆದೆ, 59×45 ಸೆಂಟಿಮೀಟರು, ಕೆಳಗೆರೆ ಸರಿಯಾಗಿ ರಿಂಗಿನ ಎತ್ತರಕ್ಕೆ, 3.05 ಮೀಟರಿನಲ್ಲಿ. ಲೇ-ಅಪ್ (ಓಡಿಬಂದು ಹತ್ತಿರದಿಂದ ಹಾಕುವುದು) ಅಂದರೆ ಆ ಚೌಕದ ಬಲಮೂಲೆ, ಎಡಕೈಯಾದರೆ ಎಡಮೂಲೆ. ಸೀಮೆಸುಣ್ಣದ ಪುಡಿ ಚೆಂಡಿಗೆ ಅಂಟಬೇಕು, ಅಂಟದಿದ್ದರೆ ಲೆಕ್ಕಕ್ಕಿಲ್ಲ. ಬುಟ್ಟಿಯಲ್ಲಿ ಬಿತ್ತೋ ಇಲ್ಲವೋ ಅಂತ ನೋಡುವ ಚಟವೇ ಹೋಯಿತು. ಮಕ್ಕಳು ಹೆಜ್ಜೆ ನೋಡತೊಡಗಿದರು. ದಿನಕ್ಕೆ ಒಬ್ಬೊಬ್ಬರಿಗೆ ಎಡಗೈಯಲ್ಲಿ ಎಂಬತ್ತು, ಬಲಗೈಯಲ್ಲಿ ನಲವತ್ತು.

ಇದರಲ್ಲಿ ಒಂದು ಪೆಟ್ಟು ತಿಂದೆ. 2017ರಲ್ಲಿ ಫೀಬಾ ಹೆಜ್ಜೆಯ ನಿಯಮ ಬದಲಿಸಿತಲ್ಲ, ಓಡುತ್ತಾ ಚೆಂಡು ಹಿಡಿಯುವಾಗ ನೆಲದಲ್ಲಿರುವ ಪಾದ ಸೊನ್ನೆ, ಅಂದರೆ ಲೆಕ್ಕಕ್ಕಿಲ್ಲ, ಆಮೇಲೆ ಎರಡು ಹೆಜ್ಜೆ. ನಾನು ಅದನ್ನೇ ಕಲಿಸಿದೆ. ಒಂದು ಪಂದ್ಯದಲ್ಲಿ ರೆಫರಿ, ಹೆಜ್ಜೆ ಹೆಚ್ಚಾಯಿತು ಅಂತ ಏಳು ಸಲ ಟ್ರಾವೆಲಿಂಗ್ ಊದಿದರು. ನಿಯಮದ ಆ ಪುಟವನ್ನು ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ, ಹದಿನೈದು ರೂಪಾಯಿ ಖರ್ಚು. ಅದನ್ನು ರೆಫರಿಗೆ ಪಂದ್ಯದ ಮೊದಲೇ, ನಗುತ್ತಾ, ಚಹಾ ಕುಡಿಯುವಾಗ ತೋರಿಸಬೇಕು. ಸೋತ ಮೇಲೆ ತೋರಿಸಿದರೆ ಜಗಳ.

ಹಾಕಿ ಆಡಿ ಬಂದ ಮಕ್ಕಳ ದೊಡ್ಡ ವರ ಸೊಂಟ. ಬಗ್ಗಿಯೇ ಓಡುತ್ತಾರೆ, ಡಿಫೆನ್ಸ್ ಸ್ಟಾನ್ಸ್ ಹೇಳಿಕೊಡಬೇಕಾಗಿಲ್ಲ. ದೊಡ್ಡ ಶಾಪ ಕಣ್ಣು. ಚೆಂಡಿನ ಮೇಲಿಂದ ಏಳುವುದೇ ಇಲ್ಲ. “ತಲೆ ಎತ್ತು” ಅಂತ ಕೂಗಿ ಗಂಟಲು ಹೋಯಿತು. ಒಂದು ದಿನ ಬಾಗಿಲ ಬಳಿ ನಿಂತು ಎರಡು ಎಲೆ ಕಿತ್ತೆ, ಒಂದು ರೊಬಸ್ಟಾ, ಒಂದು ಅರೇಬಿಕಾ. ಡ್ರಿಬಲ್ ಮಾಡುತ್ತಾ ಬರುವವಳಿಗೆ ಒಂದನ್ನು ಎತ್ತಿ ತೋರಿಸುವುದು, ಅವಳು ಯಾವುದೆಂದು ಹೇಳುವುದು. ಅದು ಅರ್ಧ ಗಂಟೆಯಲ್ಲಿ ಕೆಟ್ಟಿತು. ರೊಬಸ್ಟಾ ಎಲೆ ಅಗಲ, ಮೇಲೆ ಸುಕ್ಕು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೆ ಅದು ಕಣ್ಣಂಚಿನಲ್ಲೇ ಕಾಣುತ್ತದೆ. ಆಮೇಲೆ ಕರಿಮೆಣಸಿಗೆ ಹೋದೆ, ಪಣಿಯೂರು ತಳಿಯ ಎಲೆಯೋ ನಾಡ ತಳಿಯದೋ. ಈಗ ತಲೆ ಎತ್ತಿ, ಒಂದು ಕ್ಷಣ ನಿಂತು ನೋಡಲೇಬೇಕು, ಕೈ ಮಾತ್ರ ಚೆಂಡು ಬಿಡಬಾರದು. ಎರಡು ವಾರದಲ್ಲಿ ಹನ್ನೆರಡರಲ್ಲಿ ಒಂಬತ್ತು ಮಕ್ಕಳ ಕಣ್ಣು ಎದ್ದಿತು. ಒಬ್ಬಳು ಮಾತ್ರ ನನ್ನನ್ನೇ ತಿದ್ದಿದಳು: “ಸರ್, ಅದು ಮೆಣಸಲ್ಲ, ವೀಳ್ಯದೆಲೆ.”

ಇನ್ನೊಂದು ಅನುಕೂಲ ನಾನು ಕೇಳದೆ ಬಂದದ್ದು. ಜುಲೈ ಮಳೆ ಶೀಟಿನ ಮೇಲೆ ಬೀಳುವಾಗ ಒಳಗೆ ವಿಷಲ್ ಕೇಳುವುದಿಲ್ಲ, ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಎಲ್ಲವನ್ನೂ ಕೈಸನ್ನೆಗೆ ತಂದೆ. ಯಾವಾಗ ಟ್ರ್ಯಾಪ್ (ಚೆಂಡು ಹಿಡಿದವಳನ್ನು ಇಬ್ಬರು ಸೇರಿ ಮುಚ್ಚುವುದು), ಯಾರು ಮೊದಲು ಹೋಗುವುದು, ಯಾರು ಹಿಂದೆ ಉಳಿಯುವುದು, ಎಲ್ಲ ಸನ್ನೆ. ಒಟ್ಟು ಐದಿವೆ. ಯಾವುದು ಏನು ಅಂತ ಬರೆಯಲಾರೆ. ಜಿಲ್ಲೆಯ ಬೇರೆ ಕೋಚುಗಳೂ ಇದನ್ನು ಓದುತ್ತಾರೆ.

ಅಗಲ ಇಪ್ಪತ್ತೈದು ಅಡಿಯೇ ಇರುವುದರಿಂದ ಅಲ್ಲಿ ಡಿಫೆನ್ಸ್ ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಚೆಂಡು ಹಿಡಿದವಳು ಎತ್ತ ತಿರುಗಿದರೂ ಗೋಡೆ. ನಾಲ್ವರ ಎದುರು ಮೂವರನ್ನು ಬಿಟ್ಟೆ, ಆಮೇಲೆ ಮೂವರ ಎದುರು ಇಬ್ಬರು. ಇಬ್ಬರ ಕೆಲಸ ಒಬ್ಬಳನ್ನು ಮೂಲೆಗೆ ತಳ್ಳಿ ಬಾಗಿಲು ಹಾಕುವುದು. ಕೈ ಹಾಕಿದರೆ ಫೌಲು, ಆದ್ದರಿಂದ ಕೈ ಮೇಲೆ, ಕಾಲಲ್ಲೇ ಕೆಲಸ. ದೊಡ್ಡ ಅಂಗಳದಲ್ಲಿ ಆ ಗೋಡೆಯ ಜಾಗದಲ್ಲಿ ಗೆರೆ ಬರುತ್ತದೆ. ಎದುರಾಳಿಗೆ ಚೆಂಡನ್ನು ಮುಂದಿನ ಅರ್ಧಕ್ಕೆ ಒಯ್ಯಲು ಎಂಟೇ ಸೆಕೆಂಡು. ನಾವು ಏಳು ಸೆಕೆಂಡು ತಿನ್ನುತ್ತೇವೆ, ದಾಟಲು ಬಿಡುತ್ತೇವೆ, ದಾಟಿದ ತಕ್ಷಣ ಸೈಡ್‌ಲೈನಿನ ಆ ಮೂಲೆಯಲ್ಲಿ ಇಬ್ಬರು ಮುಚ್ಚುತ್ತಾರೆ. ಹಿಂದಕ್ಕೆ ಹೋದರೆ ಬ್ಯಾಕ್‌ಕೋರ್ಟ್ ತಪ್ಪು, ಹೊರಗೆ ಕಾಲಿಟ್ಟರೆ ಔಟು, ಗಾಬರಿಯಲ್ಲಿ ಎಸೆದ ಪಾಸು ನಮ್ಮ ಮೂರನೆಯವಳಿಗೆ. ಆಮೇಲೆ ಖಾಲಿ ಅಂಗಳ, ಒಂದು ಲೇ-ಅಪ್. ಶೂಟಿಂಗೇ ಬೇಡ. ಶೂಟರ್ ಆಗಿದ್ದವನು ಇದನ್ನು ಬರೆಯುತ್ತಿದ್ದೇನೆ.

ನಡುವೆ ಮಾಡಿದ ಹುಚ್ಚಾಟಗಳೂ ಕಮ್ಮಿಯಿಲ್ಲ. ಒಡೆದ ಚೆಂಡಿಗೆ ಕಾಫಿ ಹೊಟ್ಟು ತುಂಬಿ ಹೊಲಿಸಿ ಒಂದು ಕೆಜಿಯ ಭಾರದ ಚೆಂಡು ಮಾಡಿದೆ, ಮಣಿಕಟ್ಟಿಗೆ ಅಂತ. ಜುಲೈ ಥಂಡಿಗೆ ಅದರ ಹೊಲಿಗೆಯಿಂದ ಅಣಬೆ ಎದ್ದಿತು. ನೆಲದ ತೇವಕ್ಕೆ ಮರದ ಪುಡಿ ಹರಡಿದೆ, ಇನ್ನೂ ಜಾರಿತು, ಒಬ್ಬಳ ಗದ್ದಕ್ಕೆ ಮೂರು ಹೊಲಿಗೆ. ಅವಳ ಅಮ್ಮ ನನ್ನ ಮುಖ ನೋಡಿ ಮಾತಾಡಿದ್ದು ದಸರಾ ಕಳೆದ ಮೇಲೆ. ಈಗ ಹಳೆ ಗೋಣಿಚೀಲದಲ್ಲಿ ಒರೆಸುವುದಷ್ಟೇ. ಶೂಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ನಾಲ್ಕು ಜೊತೆಯ ಅಡಿ ಬಿಡಿಸಿದೆವು. ಚೆಂಡಿನ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ: ಸ್ಟೋರಿನ ಒರಟು ನೆಲಕ್ಕೆ ಏಳುನೂರು ರೂಪಾಯಿಯ ರಬ್ಬರ್ ಚೆಂಡೇ ಸಾಕು, ಮೂರೂವರೆ ಸಾವಿರದ ಕಾಂಪೋಸಿಟ್ ಪಂದ್ಯದ ಹಿಂದಿನ ವಾರಕ್ಕೆ ಇರಲಿ. ಹುಡುಗಿಯರಿಗೆ ಆರನೇ ಸೈಜು. ಏಳರಲ್ಲಿ ಅಭ್ಯಾಸ ಮಾಡಿಸಿದರೆ ಆರು ಹಗುರ ಅನಿಸುತ್ತದೆ ಅನ್ನುವವರಿದ್ದಾರೆ, ನಾನೂ ಮಾಡಿಸಿ ನೋಡಿದೆ, ಬೆರಳು ಉಳುಕಿದ್ದೇ ಬಂತು.

ಮೊದಲ ವರ್ಷ ಫಲ ಕಾಣಲಿಲ್ಲ, ಜಿಲ್ಲೆಯಲ್ಲೇ ಸೋಲು. ಎರಡನೇ ವರ್ಷ ಜಿಲ್ಲೆ ಗೆದ್ದು ವಿಭಾಗದಲ್ಲಿ ಮೊದಲ ಪಂದ್ಯಕ್ಕೇ ವಾಪಸ್. ಶಾಲೆಯವರು ಕರೆದು, ಪೋಷಕರು ಕೇಳುತ್ತಿದ್ದಾರೆ, ಗೋಡೆಗೆ ಚೆಂಡು ಹೊಡೆಸಲು ಕೋಚ್ ಯಾಕೆ ಅಂತ, ಎಂದರು. ಸಂಬಳ ಎರಡು ತಿಂಗಳು ನಿಂತಿತು. ಆಗ ಬಂದದ್ದು 2023.

ವಿಭಾಗದ ಫೈನಲ್ಲಿನಲ್ಲಿ ಎದುರು ನಿಂತವರಲ್ಲಿ ಐದಡಿ ಹತ್ತರ ಇಬ್ಬರಿದ್ದರು. ನಮ್ಮ ಅತಿ ಎತ್ತರದವಳು ಐದಡಿ ಐದು. ವಾರ್ಮ್-ಅಪ್ಪಿನಲ್ಲಿ ಅವರ ಶೂಟಿಂಗ್ ನೋಡಿ ನನಗೇ ನಡುಕ. ಮೊದಲ ಕ್ವಾರ್ಟರ್ 12-4, ನಾವು ಹಿಂದೆ. ಎರಡನೆಯದರಲ್ಲಿ ಸನ್ನೆ ಕೊಟ್ಟೆ. ಅವರ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ತರುವವಳು, ಗೆರೆ ದಾಟಿ, ಎಡಕ್ಕೆ ತಿರುಗಿ, ಅಲ್ಲಿ ನಮ್ಮವಳನ್ನು ಕಂಡು ಬಲಕ್ಕೆ ತಿರುಗಿದಳು, ಅಲ್ಲೂ ಒಬ್ಬಳು. ಅವಳು ತನ್ನ ಕೋಚ್ ಕಡೆ ನೋಡಿದಳು. ಅವರು ಏನೋ ಕೂಗುತ್ತಿದ್ದರು, ಪ್ರೇಕ್ಷಕರ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. ನಮ್ಮವರಿಗೆ ಯಾರೂ ಕೂಗಬೇಕಾಗಿಯೇ ಇರಲಿಲ್ಲ. ಆ ಕ್ವಾರ್ಟರಿನಲ್ಲಿ ಚೆಂಡು ಕಸಿದದ್ದು, ಅಂದರೆ ಸ್ಟೀಲ್, ಒಂಬತ್ತು, ಕಡಿಮೆ ಹೇಳುತ್ತಿದ್ದೇನೆ. ಕೊನೆಗೆ 41-36. ನಮ್ಮ ನಲವತ್ತೊಂದರಲ್ಲಿ ದೂರದ ಶಾಟು ಎರಡೇ, ಅದರಲ್ಲಿ ಒಂದು ಬೋರ್ಡಿಗೆ ಬಡಿದು ಅದೃಷ್ಟದಿಂದ ಬಿದ್ದದ್ದು.

ರಾಜ್ಯಮಟ್ಟದಲ್ಲಿ ಎರಡನೇ ಪಂದ್ಯಕ್ಕೇ ಸೋತೆವು, ಅದನ್ನೂ ಹೇಳಬೇಕು. ಅಲ್ಲಿನವರು ಟ್ರ್ಯಾಪಿನ ಮೇಲಿಂದ ಉದ್ದ ಪಾಸು ಎಸೆದರು. ಸ್ಟೋರಿನಲ್ಲಿ ತೊಲೆ ಅಡ್ಡವಿರುವುದರಿಂದ ತಲೆ ಮೇಲಿನ ಪಾಸನ್ನು ನಮ್ಮ ಮಕ್ಕಳು ಮಳೆಗಾಲದಲ್ಲಿ ನೋಡಿಯೇ ಇಲ್ಲ. ಅದಕ್ಕೆ ಮದ್ದು ಹುಡುಕಿದ್ದೇನೆ, ಅರ್ಧ ಕೆಲಸ ಮಾಡುತ್ತಿದೆ. ಪೂರ್ತಿ ಮಾಡಿದ ದಿನ ಬರೆಯುತ್ತೇನೆ, ಅಥವಾ ಬರೆಯುವುದಿಲ್ಲ.

ಆರು ವರ್ಷದಲ್ಲಿ ನನ್ನ ಕೈಯಿಂದ ಹೋದದ್ದು ಒಂದೂವರೆ ಲಕ್ಷ ಇರಬೇಕು, ಹೆಂಡತಿಯ ಲೆಕ್ಕದಲ್ಲಿ ಎರಡೂಕಾಲು. ಈಗ ಸಂಬಳ ಹದಿನೆಂಟು ಸಾವಿರ. ಹೊಸ ತಲೆನೋವು ಬೇರೆ: 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆಜಿ ಮೂಟೆಗೆ ಹತ್ತು ಸಾವಿರದ ಆಸುಪಾಸು ಹೋದಾಗಿನಿಂದ, ಇನ್ನೂ ಏರಲಿ ಅಂತ ಯಾರೂ ಬೇಗ ಮಾರುವುದಿಲ್ಲ. ಜೂನ್ ಬಂದರೂ ಸ್ಟೋರಿನ ಅರ್ಧ ಮೂಟೆಗಳೇ. ಮಾಲೀಕರು ಕೈ ಮುಗಿದು, “ಈ ಸಲ ಇಷ್ಟರಲ್ಲೇ ಸುಧಾರಿಸಿಕೋ” ಅಂದರು. ಮೂಟೆಗಳ ನಡುವೆ ಹನ್ನೆರಡಡಿ ಅಗಲದ ಓಣಿ ಬಿಡಿಸಿಕೊಂಡಿದ್ದೇನೆ. ಒಬ್ಬರ ಎದುರು ಒಬ್ಬರು, ಎರಡು ನಿಮಿಷಕ್ಕೆ ಬದಲಿ. ಮೂಟೆಗೆ ಚೆಂಡು ತಾಗಿದರೆ ಎದುರಿನವಳಿಗೆ ಪಾಯಿಂಟು, ಮೂಟೆ ಒಡೆದರೆ ಎಲ್ಲರೂ ಕೂತು ಹೆಕ್ಕಬೇಕು. ನಿನ್ನೆ ಎರಡು ಒಡೆದವು.