ಇಪ್ಪತ್ತಮೂರು ಕಮಾಂಡು ಹೋಗಿ ಒಂದಾಯ್ತು

ನುಡಿ, ಬರಹ ಅನ್ನೋ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಾದ ಹಳೇ ಪುಸ್ತಕಗಳನ್ನು ಎಲ್ಲ ಕಂಪ್ಯೂಟರೂ ಓದೋ ಯೂನಿಕೋಡ್‌ಗೆ ತರುವುದು ನನ್ನ ಹೊಟ್ಟೆಪಾಡು. ಆರೇಳು ವರ್ಷದಲ್ಲಿ ಕಮಾಂಡುಗಳನ್ನಿಡೋ ಬಿನ್ ಫೋಲ್ಡರಿನಲ್ಲಿ 23ಓ 24ಓ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಗುಡ್ಡೆಬಿದ್ದಿದ್ದವು. ಅರ್ಕಾವತ್ತು ತಿದ್ದಲು ಒಂದು, ಪುಟಸಂಖ್ಯೆ ಕೀಳಲು ಒಂದು. ಒಂದಕ್ಕಂತೂ 'ಕನ್ವರ್ಟ್' ಅಂತ ಹೆಸರಿಟ್ಟಿದ್ದೆ. ಚಿತ್ರ ತಿದ್ದೋ ಇಮೇಜ್‌ಮ್ಯಾಜಿಕ್‌ನ ಹಳೇ ಕಮಾಂಡಿನದೂ ಅದೇ ಹೆಸರು, ವಿಂಡೋಸ್‌ನಲ್ಲಿ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾದರಿಗೆ ಬದಲಿಸುವುದರದೂ ಅದೇ!

ಎಲ್ಲವನ್ನೂ 'ಲಿಪಿ' ಅನ್ನೋ ಒಂದೇ ಕಮಾಂಡಿನಡಿ ಸಬ್‌ಕಮಾಂಡ್ ('ಲಿಪಿ ತಿದ್ದು' ಥರ) ಮಾಡ್ತೀನಿ ಅಂದಾಗ ಗೆಳೆಯರು ನಕ್ಕರು. ಮೊದಲ ಸಲ ನಕ್ಕಿದ್ದೇ ಸರಿಯಾಯ್ತು. ಎಲ್ಲ ಒಂದೇ ಪೈಥಾನ್ ಫೈಲಿಗೆ ತುರುಕಿದ್ದೆ. ಬರೀ ಹೆಲ್ಪ್ ತೋರಿಸಲೂ ಚಿತ್ರದಿಂದ ಅಕ್ಷರ ಓದೋ ಒಸಿಆರ್ ಲೈಬ್ರರಿವರೆಗೆ ಇಂಪೋರ್ಟ್ ಆಗಿ ಹತ್ತಿರಹತ್ತಿರ ಒಂದೂವರೆ ಸೆಕೆಂಡ್. ನಾಲ್ಕು ಸಾವಿರ ಫೈಲಿನ ಲೂಪಿಗೆ ನೀವೇ ಲೆಕ್ಕ ಹಾಕಿ.

ಎರಡನೇ ಪೆಟ್ಟು ಜೇಬಿಗೇ ಬಿತ್ತು. ಹಳೇ ಹೆಸರುಗಳನ್ನು ಒಂದೇ ರಾತ್ರಿ ಅಳಿಸಿದೆ. ಗಿರಾಕಿಯೊಬ್ಬರ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕಮಾಂಡ್ ಓಡಿಸೋದು) ಹಳೇ ಹೆಸರೇ ಇತ್ತು. ಕಮಾಂಡ್ ಸಿಗದಿದ್ದರೂ ಔಟ್‌ಪುಟ್ಟನ್ನು ಫೈಲಿಗೆ ಕಳಿಸೋ ರೀಡೈರೆಕ್ಟಿಗೆ ಶೆಲ್ಲು (ಕಮಾಂಡ್ ಓಡಿಸೋ ಪ್ರೋಗ್ರಾಮು) ಖಾಲಿ ಫೈಲು ತೆರೆದೇ ತೆರೆಯುತ್ತೆ. ಹತ್ತು ದಿನ ಸೊನ್ನೆ ಬೈಟಿನ ಅಧ್ಯಾಯಗಳು ಹೋದವು. ಬಿಲ್ಲಿನಲ್ಲಿ ಹದಿನೆಂಟು ಸಾವಿರ ಬಿಟ್ಟುಕೊಟ್ಟೆ.

ದಾರಿ ತೋರಿಸಿದ್ದು ಗಿಟ್, ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಸಾಧನ. 2008ರ 1.6 ಆವೃತ್ತಿಗೆ ಮೊದಲು 'ಗಿಟ್-ಕಮಿಟ್' ಥರದ ಡ್ಯಾಶ್ ಹೆಸರುಗಳು ಪಾತ್ (ಶೆಲ್ಲು ಕಮಾಂಡ್ ಹುಡುಕೋ ಫೋಲ್ಡರುಗಳು) ತುಂಬ ಇದ್ದವು, ಆಮೇಲೆ ಲಿಬ್‌ಎಕ್ಸೆಕ್ ಅನ್ನೋ ಒಳ ಫೋಲ್ಡರಿಗೆ ಸರಿದವು. ಈಗಲೂ ಪಾತ್‌ನಲ್ಲಿ 'ಗಿಟ್-ಏನೋ' ಇಟ್ಟರೆ 'ಗಿಟ್ ಏನೋ' ಓಡುತ್ತೆ. ನನ್ನ 'ಲಿಪಿ'ಯೂ ಈಗ ಬರೀ ಮೂವತ್ತು ಸಾಲಿನ ಶೆಲ್ ಸ್ಕ್ರಿಪ್ಟು. ಒಳಗಿನವು ಬೇರೆಬೇರೆ ಪ್ರೋಗ್ರಾಮುಗಳೇ, ಕರೆದದ್ದಷ್ಟೇ ಏಳುತ್ತೆ. ಹಳೇ ಹೆಸರುಗಳಿಗೆ 'ಲಿಪಿ'ಗೇ ತೋರಿಸೋ ಸಿಮ್‌ಲಿಂಕ್ ಇಟ್ಟು, ಹಲವು ಕಮಾಂಡುಗಳನ್ನು ಒಂದೇ ಪ್ರೋಗ್ರಾಮಿನಲ್ಲಿಟ್ಟ ಬ್ಯುಸಿಬಾಕ್ಸ್ ಥರ ಯಾವ ಹೆಸರಲ್ಲಿ ಕರೆದರು ಅಂತ ನೋಡಿ ಸರಿಯಾದ್ದಕ್ಕೆ ಕಳಿಸ್ತೀನಿ, ಎಸ್‌ಟಿಡಿ-ಎರರ್‌ಗೆ (ದೋಷ ಸಂದೇಶದ ದಾರಿ) ಒಂದು ಸಾಲು ಗೊಣಗಾಟದ ಜೊತೆ. ಪೈಪಿನ (ಒಂದರ ಔಟ್‌ಪುಟ್ಟು ಇನ್ನೊಂದಕ್ಕೆ ಹೋಗೋ ಸಾಲು) ನಡುವೆ ಬರುವ ಎರಡನ್ನು ಮಾತ್ರ ಒಂಟಿಯಾಗೇ ಬಿಟ್ಟಿದ್ದೇನೆ; ಅಲ್ಲಿ ಎರಡು ಪದ ಟೈಪಿಸೋಕೆ ಬೇಜಾರು. ಹೆಲ್ಪು ಈಗ ಕಣ್ಣು ಮಿಟುಕಿಸೋದರೊಳಗೆ. ಟ್ಯಾಬ್ ಒತ್ತಿದರೆ ಫೈಲಿನ ಫಾಂಟು ನೋಡಿ ಬೇಕಾದ ಸಬ್‌ಕಮಾಂಡನ್ನೇ ಮೊದಲು ಕೊಡುತ್ತೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಅನ್ನ. ನಕ್ಕವರಲ್ಲಿ ಇಬ್ಬರು ಈಗ ಇದನ್ನೇ ಬಳಸ್ತಿದ್ದಾರೆ.

ನಡುವೆ ಸಬ್‌ಕಮಾಂಡಿಗೆ ಕನ್ನಡ ಲಿಪಿಯ ಹೆಸರೂ ಇಟ್ಟು ನೋಡಿದೆ. 'ತಿದ್ದು' ಓಡಿತು. 'ಫಾಂಟ್' ಮಾತ್ರ ಒಬ್ಬರ ಕೈಯಲ್ಲಿ ಓಡಿ ಇನ್ನೊಬ್ಬರ ಕೈಯಲ್ಲಿ 'ಇಲ್ಲ' ಅನ್ನುತ್ತಿತ್ತು. ಎರಡು ಸಂಜೆ ಹೋಯ್ತು. ಹೆಕ್ಸ್ (ಅಕ್ಷರಗಳ ಅಂಕೆರೂಪ) ತೆಗೆದು ನೋಡಿದರೆ, ಒಬ್ಬರ ಕೀಬೋರ್ಡು ಟ್ ಆದಮೇಲೆ ಕಣ್ಣಿಗೆ ಕಾಣದ ಜ಼ೀರೋ-ವಿಡ್ತ್ ನಾನ್-ಜಾಯ್ನರ್ (ಒತ್ತಕ್ಷರ ಆಗದಂತೆ ತಡೆಯೋ ಗುರುತು) ಒಂದನ್ನು ಸೇರಿಸಿತ್ತು. ಈಗ ಹೆಸರು ಹೋಲಿಸೋ ಮೊದಲೇ ಅದನ್ನು ಉದುರಿಸ್ತೀನಿ.