ಹಳೇ ಫೈಲುಗಳನ್ನು ಒತ್ತಿ ಕಟ್ಟಿಡುವುದು ಹೇಗೆ

ಗದಗಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ) ಅಂಗಡಿ ಇದೆ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಇವೇ ಕೆಲಸ. ಕಂಪ್ಯೂಟರಿನಲ್ಲಿ ಫೈಲ್ ಇಡಲು ಇರುವುದು 256 ಜಿಬಿ ಎಸ್‌ಎಸ್‌ಡಿ ಡ್ರೈವ್. ವಿಂಡೋಸ್ ಅದನ್ನು 238 ಅಂತ ತೋರಿಸುತ್ತದೆ. ಮೋಸ ಏನಿಲ್ಲ, ತಯಾರಿಸುವವರದು 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಹೋದ ದೀಪಾವಳಿ ಹೊತ್ತಿಗೆ ಡ್ರೈವಿನ ಪಟ್ಟಿ ಕೆಂಪಗಾಯಿತು. ಉಳಿದಿದ್ದು 6 ಜಿಬಿ.

ಅಳಿಸೋಣ ಅಂದರೆ ಧೈರ್ಯ ಸಾಲಲಿಲ್ಲ. ನಾಲ್ಕು ವರ್ಷ ಮುಖ ತೋರಿಸದ ಗಿರಾಕಿ ಒಂದಿನ ಬಂದು, "ಅಕ್ಕಾರ, ನಮ್ಮ ಸಂಚಿಕೀ ಫೈಲ್ ಐತೇನ್ರಿ?" ಅಂತಾರೆ. ಇಲ್ಲ ಅಂದರೆ 120 ಪುಟ ಮತ್ತೆ ಟೈಪ್ ಮಾಡಬೇಕು. ಹಾಗಾಗಿ ಅಳಿಸುವ ಬದಲು ಒತ್ತಿ ಕಟ್ಟಿಡುವುದನ್ನು, ಅಂದರೆ ಕಂಪ್ರೆಸ್ ಮಾಡಿ ಕುಗ್ಗಿಸಿಡುವುದನ್ನು ಕಲಿತೆ.

ಮೊದಲು, ಯಾವ ಫೈಲ್ ಕುಗ್ಗುತ್ತದೆ, ಯಾವುದು ಕುಗ್ಗಲ್ಲ ಅಂತ ತಿಳಿದುಕೊಳ್ಳಿ. ನಮ್ಮ ಕಡೆ ಜಿನ್ನಿಂಗ್ ಮಿಲ್ಲುಗಳಲ್ಲಿ ಅರಳೆಯನ್ನು ಪ್ರೆಸ್ಸಿಗೆ ಹಾಕಿ ಬೇಲ್ ಕಟ್ಟುತ್ತಾರೆ. ಕೋಣೆ ತುಂಬಿದ್ದ ಅರಳೆ ಒಂದು ಮೂಲೆಗೆ ಬಂದು ಕೂರುತ್ತದೆ. ಅದೇ ಬೇಲನ್ನು ಮತ್ತೆ ಪ್ರೆಸ್ಸಿಗೆ ಹಾಕಿದರೆ ಏನೂ ಆಗಲ್ಲ, ಅಲ್ವಾ? ಜೆಪೆಗ್ ಫೋಟೋ, ಎಂಪಿ3 ಹಾಡು, ಎಂಪಿ4 ವಿಡಿಯೋ ಇವೆಲ್ಲ ಮೊದಲೇ ಕಟ್ಟಿದ ಬೇಲುಗಳು. ವರ್ಡಿನ ಡಾಕ್ಸ್ ಫೈಲ್ ಒಳಗೆ ಇರುವುದೇ ಜಿಪ್, ಅಂದರೆ ಒತ್ತಿ ಕಟ್ಟಿದ ಗಂಟು. ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾದ ಎಕ್ಸ್4 ಆವೃತ್ತಿಯಿಂದ ಈಚಿನ ಸಿಡಿಆರ್ ಫೈಲ್ ಕೂಡ ಹಾಗೇ. ಮದುವೆ ವಿಡಿಯೋ ಫೋಲ್ಡರನ್ನು ಜಿಪ್ ಮಾಡುತ್ತಾ ಕೂತರೆ ಕರೆಂಟು ದಂಡ.

ನಿಜವಾದ ಅರಳೆ ಅಂದರೆ ಸ್ಕ್ಯಾನ್ ಮಾಡಿದ ಟಿಫ್, ಬಿಎಂಪಿ ಚಿತ್ರಗಳು, ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಹಳೇ ಫೈಲುಗಳು, ಬರೀ ಅಕ್ಷರದ ಫೈಲುಗಳು. ಒಂದು ಎ4 ಪುಟವನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಗುಣಿಸು 3508 ಚುಕ್ಕೆ, ಚುಕ್ಕೆಗೆ ಮೂರು ಬೈಟ್. ಒತ್ತದ ಟಿಫ್ ಆದರೆ ಪುಟಕ್ಕೆ ಸುಮಾರು 25 ಎಂಬಿ! ಅದರಲ್ಲಿ ಮುಕ್ಕಾಲು ಪಾಲು ಖಾಲಿ ಬಿಳಿ. ಬಂದದ್ದೇ ಮತ್ತೆ ಮತ್ತೆ ಬಂದರೆ ಸಾಫ್ಟ್‌ವೇರ್ ಅದನ್ನು ಒಮ್ಮೆ ಬರೆದು, 'ಇದೇ ಇನ್ನಿಷ್ಟು ಸಲ' ಅಂತ ಗುರುತು ಹಾಕಿಕೊಳ್ಳುತ್ತದೆ. ಬಿಚ್ಚಿದಾಗ ಒಂದು ಚುಕ್ಕೆಯೂ ಕಡಿಮೆಯಾಗಿರುವುದಿಲ್ಲ. ಹಳದಿಗಟ್ಟಿದ ಕಾಗದದ ಸ್ಕ್ಯಾನ್ ಮಾತ್ರ ಅಷ್ಟು ಕುಗ್ಗಲ್ಲ, ಅದರ ಬಿಳಿ ನಿಜವಾದ ಬಿಳಿ ಅಲ್ಲ.

ದೊಡ್ಡ ಫೈಲ್ ಹುಡುಕಲು ಫೈಲ್ ಎಕ್ಸ್‌ಪ್ಲೋರರಿನ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಸೈಜ್' ಅಂತ ಬರೆದು, ಕೋಲನ್ ಹಾಕಿ, 'ಗಿಂತ ಹೆಚ್ಚು' ಗುರುತಿನ ಜೊತೆ 100 ಎಂಬಿ ಅಂತ ಕೊಡಿ. ಬಂದ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ. ನಾನು ಎರಡು ವರ್ಷ ಮುಟ್ಟದೇ ಇದ್ದದ್ದನ್ನು ಮಾತ್ರ ಆರಿಸಿದೆ.

ಕಟ್ಟುವ ಮೊದಲು ಒಂದು ಕೆಲಸ ಇದೆ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಒಳಗೆ ಇಟ್ಟುಕೊಳ್ಳದೆ, ಅವು ಎಲ್ಲಿವೆ ಅಂತ ವಿಳಾಸ ಮಾತ್ರ ಬರೆದುಕೊಂಡಿರುವುದುಂಟು. ಚಿತ್ರ ಬೇರೆ ಕಡೆ ಇದ್ದರೆ ಕಥೆ ಮುಗಿಯಿತು. ಹಾಗಾಗಿ ಪುಟದ ಫೈಲ್, ಚಿತ್ರಗಳು, ಬಳಸಿದ ನುಡಿ ಅಥವಾ ಶ್ರೀಲಿಪಿ ಫಾಂಟು ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ.

ಒತ್ತಿ ಕಟ್ಟಲು ನಾನು ಬಳಸುವುದು 7-ಜಿಪ್ ಅನ್ನುವ ಸಾಫ್ಟ್‌ವೇರ್. ಪುಕ್ಕಟೆ, ಜಾಹೀರಾತಿನ ಕಾಟ ಇಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್, ಆಮೇಲೆ 'ಆಡ್ ಟು ಆರ್ಕೈವ್'. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಮೊದಲು 'ಶೋ ಮೋರ್ ಆಪ್ಷನ್ಸ್' ಒತ್ತಿ. ಫಾರ್ಮ್ಯಾಟ್ 7ಜೆಡ್ ಇರಲಿ. ಲೆವೆಲ್ ನಾರ್ಮಲ್ ಸಾಕು. ಅಲ್ಟ್ರಾ ಹಾಕಿದೆ ಒಮ್ಮೆ, ಹಳೇ ಕಂಪ್ಯೂಟರ್ ಏದುಸಿರು ಬಿಟ್ಟಿತು, ಉಳಿದದ್ದು ಚೂರೇ ಚೂರು. ಪಾಸ್‌ವರ್ಡ್ ಹಾಕಬೇಡಿ, ಐದು ವರ್ಷ ಆದ ಮೇಲೆ ನಿಮಗೇ ನೆನಪಿರಲ್ಲ. ಅಲ್ಲೇ ಕೆಳಗೆ 'ಡಿಲೀಟ್ ಫೈಲ್ಸ್ ಆಫ್ಟರ್ ಕಂಪ್ರೆಶನ್' ಅಂತ ಚೌಕ ಇದೆ. ಅದಕ್ಕೆ ಟಿಕ್ ಬೇಡವೇ ಬೇಡ.

ಇನ್ನೊಂದು ಪೇಚು. ಕಟ್ಟು ತಯಾರಾಗುವಾಗ ಮೂಲ ಫೈಲೂ ಅಲ್ಲೇ ಇರುತ್ತದೆ. ಅಂದರೆ ಜಾಗ ಮಾಡಲಿಕ್ಕೂ ಮೊದಲು ಜಾಗ ಬೇಕು! 6 ಜಿಬಿಯಲ್ಲಿ ಅದು ಆಗದು. ನಾನು ಕಟ್ಟನ್ನು ಹೊರಗಿನ ಡಿಸ್ಕಿಗೆ ಬರೆಸಿದೆ. ಅದಿಲ್ಲದಿದ್ದರೆ ಚಿಕ್ಕ ಫೋಲ್ಡರಿನಿಂದ ಶುರು ಮಾಡಿ.

ಮುಗಿದ ಮೇಲೆ ಕಟ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಟೆಸ್ಟ್ ಆರ್ಕೈವ್' ಕೊಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಮೊದಲ ದಿನ ಅವಸರದಲ್ಲಿ ಪೆನ್ ಡ್ರೈವಿಗೆ ಬರೆಸಿದೆ, ಇಜೆಕ್ಟ್ ಮಾಡದೆ ಎಳೆದೆ, ಮೂಲ ಅಳಿಸಿದೆ. ಸಂಜೆ ನೋಡಿದರೆ ಕಟ್ಟು ತೆರೆಯಲಿಲ್ಲ. ಒಂದು ಹಳೇ ಪುಸ್ತಕದ 90 ಪುಟ ಮತ್ತೆ ಸ್ಕ್ಯಾನ್ ಮಾಡುತ್ತಾ ರಾತ್ರಿ ಹನ್ನೊಂದು ಹೊಡೆಯಿತು. 'ಎರರ್ ಇಲ್ಲ' ಅಂತ ಬಂದ ಮೇಲೆ ಒಂದೆರಡು ಫೈಲ್ ಬಿಚ್ಚಿ ಕಣ್ಣಾರೆ ನೋಡಿ. ಆಮೇಲೆ ಮೂಲ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ. ಬಿನ್ ಖಾಲಿಯಾಗದೆ ಜಾಗ ಸಿಗುವುದಿಲ್ಲ.

ಆಗಾಗ ತೆರೆಯುವ ಫೈಲುಗಳಿಗೆ ವಿಂಡೋಸಿನದೇ ದಾರಿ ಇದೆ. ಫೋಲ್ಡರಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್, 'ಕಂಪ್ರೆಸ್ ಕಂಟೆಂಟ್ಸ್ ಟು ಸೇವ್ ಡಿಸ್ಕ್ ಸ್ಪೇಸ್'. ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಆಗಿರಬೇಕು. ಬಿಚ್ಚುವ ಗೋಜಿಲ್ಲ, ಎಂದಿನಂತೆ ತೆರೆಯುತ್ತದೆ. 7ಜೆಡ್‌ನಷ್ಟು ಕುಗ್ಗುವುದಿಲ್ಲ, ಪ್ರಾಪರ್ಟೀಸಿನಲ್ಲಿ 'ಸೈಜ್ ಆನ್ ಡಿಸ್ಕ್' ನೋಡಿದರೆ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ. ಇಡೀ ಸಿ ಡ್ರೈವಿಗೆ ಮಾತ್ರ ಇದನ್ನು ಮಾಡಬೇಡಿ.

ನನ್ನ 41 ಜಿಬಿ ಹಳೇ ಕೆಲಸ 14ಕ್ಕೆ ಇಳಿಯಿತು. ಅದರ ಎರಡು ಪ್ರತಿ ಬೇರೆ ಬೇರೆ ಡಿಸ್ಕಿನಲ್ಲಿವೆ, ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ. ಯಾವ ಕಟ್ಟಿನಲ್ಲಿ ಯಾರ ಕೆಲಸ ಇದೆ ಅಂತ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದನ್ನೂ ಕಂಪ್ಯೂಟರಿನಲ್ಲೇ ಇಡಬಾರದೇ ಅಂತ ಮಗಳು ನಗುತ್ತಾಳೆ. ಮೊನ್ನೆ ಗಿರಾಕಿ ಕೇಳಿದಾಗ ಕರೆಂಟು ಇರಲಿಲ್ಲ. ನೋಟ್‌ಬುಕ್ ತಿರುವಿ, "ಐತ್ರಿ, ಕರೆಂಟ್ ಬಂದ ಮ್ಯಾಲೆ ಬರ್ರಿ" ಅಂದೆ.