ಮಡಿಕೇರಿಯಲ್ಲಿ ಹೋಟೆಲಿಗೆ ಎಸಿ ಹಾಕಿಸ್ತೀರಾ? ಮೊದಲು ಟನ್ ಇಳಿಸಿ

ಕೊಡಗಿನಲ್ಲಿ ಹೋಟೆಲ್, ರೆಸಾರ್ಟ್ ಕಟ್ಟುವವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ: "ಎಷ್ಟು ಟನ್ ಬೇಕು ಸಾರ್?" ಟನ್ ಅಂದರೆ ಎಸಿ ತಣ್ಣಗಾಗಿಸುವ ಶಕ್ತಿಯ ಅಳತೆ. ನೂರು ಚದರಡಿಗೆ ಒಂದು ಟನ್ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಆ ಲೆಕ್ಕವನ್ನು ಘಟ್ಟದ ಕೆಳಗೇ ಬಿಟ್ಟು ಬನ್ನಿ.

ಮೊದಲು ನಿಮ್ಮ ಕಟ್ಟಡ ಇಸಿಬಿಸಿಗೆ, ಅಂದರೆ ವಾಣಿಜ್ಯ ಕಟ್ಟಡಗಳ ಇಂಧನ ಉಳಿತಾಯ ಸಂಹಿತೆಗೆ, ಸೇರುತ್ತದಾ ನೋಡಿ. 2017ರ ಇಸಿಬಿಸಿ ಪ್ರಕಾರ ಕನೆಕ್ಟೆಡ್ ಲೋಡ್ (ಕಟ್ಟಡದ ಎಲ್ಲ ಉಪಕರಣಗಳ ಒಟ್ಟು ವಿದ್ಯುತ್) 100 ಕಿಲೋವ್ಯಾಟ್ ಅಥವಾ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ವಿದ್ಯುತ್ ಕಂಪನಿ ಜೊತೆ ಒಪ್ಪಿಕೊಂಡ ಗರಿಷ್ಠ ಬೇಡಿಕೆ) 120 ಕೆವಿಎ, ಇಲ್ಲವೇ ಅದಕ್ಕಿಂತ ಜಾಸ್ತಿ ಇದ್ದರೆ ಸೇರುತ್ತದೆ. ಸಣ್ಣ ಹೋಂಸ್ಟೇಗಳಿಗೆ ಈ ತಲೆನೋವಿಲ್ಲ. ಆದರೂ ಮುಂದೆ ಓದಿ, ಕರೆಂಟ್ ಬಿಲ್ಲಾದರೂ ಉಳಿಯಲಿ.

ಎಸಿ ಕ್ಯಾಟಲಾಗ್ ತೆಗೆಯುವ ಮುಂಚೆ ಗಾಜು ನೋಡಿ. ಇಲ್ಲಿ ಎಲ್ಲರಿಗೂ ಬೆಟ್ಟ ಕಾಣಬೇಕು. ಹಾಗಾಗಿ ಡೈನಿಂಗ್ ಹಾಲಿನ ಪಶ್ಚಿಮದ ಗೋಡೆ ಪೂರ್ತಿ ಗಾಜು. ಮಾರ್ಚಿನಲ್ಲಿ ಸಂಜೆ ನಾಲ್ಕಕ್ಕೆ ಅದರ ಪಕ್ಕದ ಟೇಬಲ್ ಮೇಲೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ಹೊರಗೆ ತಣ್ಣಗೇ ಇರುತ್ತದೆ, ಒಳಗೆ ಎಸಿ ಹೊಡೆದುಕೊಳ್ಳುತ್ತಿರುತ್ತದೆ. ಅದೇ ಇಸಿಬಿಸಿ ಪ್ರಕಾರ ಹೊರಗೋಡೆಗಳಲ್ಲಿ ಗಾಜು ಒಟ್ಟು ಶೇ 40 ದಾಟಬಾರದು, ಬಿಸಿಲಿನ ಶಾಖ ಒಳಬಿಡುವ ಅಳತೆ, ಅಂದರೆ ಎಸ್‌ಎಚ್‌ಜಿಸಿ, 0.27 ಮೀರಬಾರದು. ಉತ್ತರದ ಕಿಟಕಿಗೆ 0.50 ನಡೆಯುತ್ತದೆ ಅಂತ ಆರ್ಕಿಟೆಕ್ಟ್ ಹೇಳಿದರೆ ಒಪ್ಪಬೇಡಿ. ಆ ರಿಯಾಯಿತಿ 15 ಡಿಗ್ರಿ ಅಕ್ಷಾಂಶದಿಂದ ಮೇಲಿನ ಊರುಗಳಿಗೆ. ನಾವಿರುವುದು 12ರ ಆಸುಪಾಸಿನಲ್ಲಿ, ಬೇಸಿಗೆಯಲ್ಲಿ ಸೂರ್ಯ ನಮ್ಮ ಉತ್ತರಕ್ಕೂ ಹೋಗುತ್ತಾನಲ್ವಾ? ಗಾಜಿನ ಮೇಲೆ ಸಜ್ಜಾ ಉದ್ದ ಬಿಟ್ಟರೆ ಅದಕ್ಕೂ ಲೆಕ್ಕದಲ್ಲಿ ವಿನಾಯಿತಿ ಸಿಗುತ್ತದೆ. ಮಳೆಗೂ ಅದು ಬೇಕೇ ಬೇಕು.

ಇನ್ನು ಹೀಟ್ ಲೋಡ್, ಅಂದರೆ ಎಸಿ ಹೊರಹಾಕಬೇಕಾದ ಶಾಖದ ಲೆಕ್ಕ. ಮಡಿಕೇರಿಗೆ ಮಂಗಳೂರಿನ ಉಷ್ಣಾಂಶ ಹಾಕಬೇಡಿ, ಕುಶಾಲನಗರದ್ದೂ ಬೇಡ. ಬಹಳ ಜನ ಮರೆಯುವುದು ಎತ್ತರ. ಊರು 1,100 ಮೀಟರಿಗಿಂತ ಮೇಲಿದೆ, ಗಾಳಿ ತೆಳು. ಎಷ್ಟು ಶಾಖಕ್ಕೆ ಎಷ್ಟು ಗಾಳಿ ಬೇಕು ಅನ್ನುವ ಫಾರ್ಮುಲಾದ 1.08 ಸಮುದ್ರಮಟ್ಟದ್ದು, ಇಲ್ಲಿ ಸುಮಾರು 0.95 ಹಿಡಿಯಿರಿ. ಗಂಟೆಗೆ 36,000 ಬಿಟಿಯು ಸೆನ್ಸಿಬಲ್ ಲೋಡಿಗೆ (ತೇವದ ಲೆಕ್ಕ ಬಿಟ್ಟು ಬರೀ ಉಷ್ಣಾಂಶದ ಶಾಖ), ರೂಮಿನ ಗಾಳಿಗೂ ಎಸಿ ಬಿಡುವ ಗಾಳಿಗೂ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸದಲ್ಲಿ ಕೆಳಗೆ 1,670 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ, ಸಾಕು, ಇಲ್ಲಿ 1,900 ಬೇಕು. ಡಕ್ಟ್ ಅಳತೆ ಇದರ ಮೇಲೆ ಮಾಡಿ. ಟನ್ ಏರಿಸಿ ಸರಿದೂಗಿಸುತ್ತೇನೆ ಅನ್ನಬೇಡಿ.

ಯಾಕೆಂದರೆ ನಮ್ಮ ನಿಜವಾದ ಕಷ್ಟ ಸೆಖೆ ಅಲ್ಲ, ತೇವ. ಟನ್ ಜಾಸ್ತಿಯಾದರೆ ರೂಮು ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ, ತೇವ ಅಲ್ಲೇ ಉಳಿಯುತ್ತದೆ. ಜುಲೈನಲ್ಲಿ ಬೆಡ್‌ಶೀಟ್ ಮುಗ್ಗಲು ವಾಸನೆ ಬರುವುದು ಅದಕ್ಕೇ. ಇನ್ವರ್ಟರ್ ಮೆಷಿನ್ ತಗೊಳ್ಳಿ, ಡ್ರೈ ಮೋಡ್ ಇರಲಿ.

ಸ್ಪ್ಲಿಟ್ ಆದರೆ ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) 3 ಸ್ಟಾರಿಗಿಂತ ಕಡಿಮೆ ಬೇಡ. ಕೀ ಕಾರ್ಡ್, ಟೈಮರ್, ಪೈಪಿನ ಇನ್ಸುಲೇಷನ್ ಎಲ್ಲ ಟೆಂಡರಿನಲ್ಲೇ ಬರೆಯಿರಿ, ಆಮೇಲೆ ಯಾರೂ ಹಾಕಿಕೊಡುವುದಿಲ್ಲ.

ಕೊಟೇಶನ್ ಕೊಟ್ಟವರ ಹತ್ತಿರ ರೂಮುವಾರು ಹೀಟ್ ಲೋಡ್ ಶೀಟ್ ಕೇಳಿ. ಸುಮ್ನೆ ಟನ್ ಬರೆದುಕೊಟ್ಟವರನ್ನು ಕಾಫಿ ಕುಡಿಸಿ ಕಳಿಸಿ. ಜನರೇಟರ್ ಆರ್ಡರ್ ಮಾಡುವುದು ಆ ಶೀಟ್ ಬಂದ ಮೇಲೆ. ಟನ್ ಇಳಿದಷ್ಟೂ ಅದೂ ಸಣ್ಣದಾಗುತ್ತದೆ, ಮಳೆಗಾಲದಲ್ಲಿ ಡೀಸೆಲ್ ಸುಡುವವರು ನೀವೇ ತಾನೇ?